ಕಡೀ ಹಾಡು ಮಾಸ್ತರದು

ಲಾಲಪ್ಪ ಮಾಸ್ತರರು ದಿನಾ ಬೆಳಿಗ್ಗೆ ನಮ್ಮ ಮೆಟ್ಟಿಲ ಪಕ್ಕದಲ್ಲೇ ನಿಂತು, ತಮ್ಮ ಟ್ರಂಪೆಟ್ಟಿನ ಕೆಳಗಿನ ಗುಂಡಿ ಒತ್ತಿ, ಅದರ ಹೊಟ್ಟೆಯಲ್ಲಿ ಸೇರಿದ ಎಂಜಲನ್ನು ನೆಲಕ್ಕೆ ಹರಿಸುತ್ತಿದ್ದರು. ಅದು ಹನಿಯಾಗಿ ಬೀಳುತ್ತಿರಲಿಲ್ಲ, ನೂಲಿನಂತೆ ಇಳಿಯುತ್ತಿತ್ತು. ಗುಟ್ಕಾದ ಕೆಂಪು ಬೆರೆತ ಎಂಜಲು. ನಾನು ಹಲ್ಲುಜ್ಜಲು ಹೊರಗೆ ಬರುವ ಹೊತ್ತಿಗೆ ಸರಿಯಾಗಿ ಅವರ ಈ ಕೆಲಸ ನಡೆಯುತ್ತಿತ್ತು. ಇಷ್ಟು ವರ್ಷವಾದರೂ ನೆನೆದರೆ ಇನ್ನೊಮ್ಮೆ ಬಾಯಿ ಮುಕ್ಕಳಿಸುತ್ತೇನೆ. ಮನುಷ್ಯನ ಮೇಲೆ ಪ್ರೀತಿ ಇದ್ದ ಮಾತ್ರಕ್ಕೆ ಅವನ ಎಂಜಲಿನ ಮೇಲೂ ಪ್ರೀತಿ ಬರಬೇಕೆಂದೇನಿಲ್ಲ.

ಭಾಲ್ಕಿಯಲ್ಲಿ ನಮ್ಮ ಮನೆಗೂ ಅವರ ಮನೆಗೂ ಒಂದೇ ಗೋಡೆ. ಮಾಸ್ತರರದು ಮದುವೆಯ ಬ್ಯಾಂಡು. ಎರಡು ಟ್ರಂಪೆಟ್, ಒಂದು ಕ್ಲಾರಿನೆಟ್, ಡೋಲು, ಜಾಂಜು ಎನ್ನುವ ಕಂಚಿನ ತಾಳ, ಇಷ್ಟೇ ಸೈನ್ಯ. ಬಂಗಾರದ ಬಣ್ಣದ ಪಟ್ಟಿ ಹೊಲಿದ ಕೆಂಪು ಕೋಟು ಅವರ ಸಮವಸ್ತ್ರ. ಆ ಕೋಟನ್ನು ಒಗೆದದ್ದನ್ನು ನಾನಂತೂ ಕಂಡಿಲ್ಲ. ಬೆವರಿನಲ್ಲಿ ಒದ್ದೆಯಾದಾಗ ನಮ್ಮ ಗೋಡೆಯ ಮೇಲೆ ಹರವುತ್ತಿದ್ದರು, ಒಣಗಿದ ಮೇಲೆ ಕಂಕುಳಲ್ಲಿ ಬಿಳಿ ಉಪ್ಪಿನ ಗೆರೆ ಮೂಡುತ್ತಿತ್ತು. ಅವ್ವ ಕೋಲಿನ ತುದಿಯಿಂದ ಅದನ್ನು ಆಚೆ ತಳ್ಳುತ್ತಿದ್ದಳು. ಅವರು ಮತ್ತೆ ಈಚೆಗೆ ಹರವುತ್ತಿದ್ದರು. "ಬಿಸಲು ನಿಮ್ಮ ಕಡೀಗೇ ಬೀಳ್ತದ ವೈನಿ, ನಾ ಏನ ಮಾಡ್ಲಿ?" ಎಂದು ಸೂರ್ಯನ ಮೇಲೆ ಹಾಕಿ ಕೈ ತೊಳೆದುಕೊಳ್ಳುತ್ತಿದ್ದರು.

ನಾನು ಸಾಲಿಗೆ ಹೋಗುವಾಗ ಒಮ್ಮೆ, "ಇದನ್ನ ಹಿಡಿ ಪೋರಿ" ಎಂದು ಟ್ರಂಪೆಟ್ಟಿನ ಬಾಯಿತುದಿಯನ್ನು ಬಿಚ್ಚಿ ನನ್ನ ಅಂಗೈಯಲ್ಲಿ ಇಟ್ಟಿದ್ದರು. ಬೆಚ್ಚಗಿತ್ತು, ಅಂಟುತ್ತಿತ್ತು. ನಾನು ಅದನ್ನು ಅಲ್ಲೇ ಬಿಟ್ಟು ಓಡಿಹೋಗಿ ಬಟ್ಟೆ ಒಗೆಯುವ ಸಾಬೂನಿನಿಂದ ಕೈ ಉಜ್ಜಿಕೊಂಡೆ. ಹಿಂದಿನಿಂದ ಅವರ ನಗು ಕೇಳಿಸಿತು. "ಇಷ್ಟು ಹೇಸಿದ್ರ ನೀ ಸಂಸಾರ ಹ್ಯಾಂಗ ಮಾಡ್ತಿ?" ಎಂದರು.

ತಮಾಷೆಯೆಂದರೆ ಭಾಲ್ಕಿಯಲ್ಲಿ ಅವರಷ್ಟು ಹೇಸುವ ಮನುಷ್ಯ ಇನ್ನೊಬ್ಬರಿರಲಿಲ್ಲ. ಊಟಕ್ಕೆ ತಟ್ಟೆ ಹಿಡಿದು ನಿಂತುಕೊಂಡು ತಿನ್ನುವವರನ್ನು ಕಂಡರೆ "ಥೂ, ಹೊಲಸ" ಎನ್ನುತ್ತಿದ್ದರು. ಪ್ಲಾಸ್ಟಿಕ್ ಹೂವಿನ ಹಾರ ಕಂಡರೆ ಥೂ. ಮದುವೆ ಮನೆಯಲ್ಲಿ ಕೈಗೆ ಸೆಂಟು ಹಚ್ಚಲು ಬಂದವನಿಗೆ ಥೂ. ಬೇರೆಯವರು ಕುಡಿದ ಕಪ್ಪಿನಲ್ಲಿ ಚಹ ಕುಡಿಯುತ್ತಿರಲಿಲ್ಲ, ತಮ್ಮದೇ ಒಂದು ಸ್ಟೀಲಿನ ಲೋಟ ಕೋಟಿನ ಕಿಸೆಯಲ್ಲಿ ಇರುತ್ತಿತ್ತು. ಆ ಲೋಟವನ್ನು ಯಾವಾಗ ತೊಳೆದಿದ್ದರೋ ದೇವರಿಗೇ ಗೊತ್ತು. ತಮ್ಮ ಹೊಲಸು ಅವರಿಗೆ ಕಾಣುತ್ತಿರಲಿಲ್ಲ, ಲೋಕದ ಹೊಲಸು ಮಾತ್ರ ಮೈಲು ದೂರದಿಂದಲೇ ಕಾಣುತ್ತಿತ್ತು.

ಎಲ್ಲಕ್ಕಿಂತ ಹೆಚ್ಚು ಹೇಸುತ್ತಿದ್ದದ್ದು ಬರಾತಿನಲ್ಲಿ, ಅಂದರೆ ಮದುಮಗನ ಮೆರವಣಿಗೆಯಲ್ಲಿ, ಕುಣಿಯುವವರನ್ನು ಕಂಡು. ಅದರಲ್ಲಿ ನಾನು ಅವರ ಪಕ್ಷ. ನಮ್ಮ ಕಡೆ ಮದುಮಗ ಹನುಮಂತ ದೇವರ ಗುಡಿಗೆ ಹೋಗಿ ಕೈಮುಗಿದು, ಕುದುರೆ ಹತ್ತಿ ಮಂಟಪಕ್ಕೆ ಬರಬೇಕು. ಕಾಲುನಡಿಗೆಯಲ್ಲಿ ಹತ್ತು ನಿಮಿಷದ ದಾರಿ. ಗೆಳೆಯರು ಕುಡಿದು ಕುಣಿಯುತ್ತಾರೆಂದು ಅದು ಮಧ್ಯಾಹ್ನ ಸರಿಯುವತನಕ ಎಳೆಯುತ್ತದೆ. ಒಬ್ಬ ಅಂಗಿ ಬಿಚ್ಚುತ್ತಾನೆ, ಇನ್ನೊಬ್ಬ ಕರ್ಚೀಪನ್ನು ಪುಂಗಿ ಮಾಡಿಕೊಂಡು ಊದುತ್ತಾನೆ, ಮತ್ತೊಬ್ಬ ಹಾವಾಗಿ ಸಗಣಿಯ ಮೇಲೇ ಹೊರಳುತ್ತಾನೆ. ಒಳಗೆ ಮದುಮಗಳು ಬೆವರಿಳಿಸುತ್ತ ಕೂತಿರುತ್ತಾಳೆ, ಅಡಿಗೆ ಆರುತ್ತದೆ, ಅಕ್ಕಿಕಾಳು ಹಿಡಿದ ಮುದುಕರ ಮುಷ್ಟಿ ಬೆವೆತು ಅಕ್ಕಿ ಅಂಟಂಟಾಗುತ್ತದೆ. ದಾರಿಯುದ್ದಕ್ಕೂ ಯಾರು ನೋಟು ತೋರಿಸುತ್ತಾರೋ ಅವರ ಹಾಡು. ಬ್ಯಾಂಡಿನವರು ಅದಕ್ಕೆ ಇಲ್ಲ ಅನ್ನುವ ಹಾಗಿಲ್ಲ.

ಆದರೆ ಕಡೆಯ ಹಾಡು ಮಾಸ್ತರದು. ಇದು ಭಾಲ್ಕಿಯ ರೂಢಿ. ಯಾರು ಶುರುಮಾಡಿದರೋ ಗೊತ್ತಿಲ್ಲ, ಅವರ ಗುರುವಿನ ಕಾಲದಿಂದ ಇತ್ತಂತೆ. ಕಡೆಯ ಹಾಡಿಗೆ ಯಾರೂ ನೋಟು ತೋರಿಸಬಾರದು, ಯಾರೂ ಹೆಸರು ಹೇಳಬಾರದು. ಮಾಸ್ತರ ತನಗೆ ತಿಳಿದದ್ದನ್ನು ಬಾರಿಸುತ್ತಾನೆ. ಅದು ಮುಗಿದ ಮೇಲೆ ಮಂತ್ರಿಯೇ ಬಂದು ಹೇಳಿದರೂ ಬಾಜಾಕ್ಕೆ ಬಾಯಿ ಹಚ್ಚುವುದಿಲ್ಲ.

ಅದನ್ನು ನಾನು ಮೊದಲು ಕಣ್ಣಾರೆ ಕಂಡದ್ದು ಖಟಕ ಚಿಂಚೋಳಿಯಲ್ಲಿ, ನಮ್ಮ ದೊಡ್ಡಪ್ಪನ ಮಗನ ಮದುವೆಯಲ್ಲಿ. ಬಿಸಿಲು ನೆತ್ತಿಗೇರಿತ್ತು. ಮಂಟಪದ ಬಾಗಿಲಿಗೆ ಬಂದ ಮೇಲೂ ಹುಡುಗರು "ಇನ್ನೊಂದು, ಇನ್ನೊಂದು" ಎಂದು ದಾರಿಗೆ ಅಡ್ಡ ಮಲಗಿದ್ದರು. ಮಾಸ್ತರರು ಟ್ರಂಪೆಟ್ಟನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಬಾಯೊಳಗಿನ ಗುಟ್ಕಾ ಉಗಿದು, "ನಿಮ್ಮ ಹಾಡು ಮುಗದಾವ. ಕಡೀದು ನಂದು" ಎಂದರು. ಆಮೇಲೆ ಅವಸರವೇ ಇಲ್ಲದೆ, ಸಂತೆಯಲ್ಲಿ ಕುರಿ ನೋಡುವವರ ಹಾಗೆ, ಒಂದೊಂದೇ ಮುಖ ನೋಡುತ್ತ ಒಂದು ಸುತ್ತು ಹಾಕಿದರು. ಹಿಂದೆ ಗೋಡೆಯ ನೆರಳಿನಲ್ಲಿ ಮುದುಕಿಯರು ನಿಂತಿದ್ದರು, ಅವರ ಹಿಂದೆ ಕೈಗೆ ಹಿಟ್ಟು ಮೆತ್ತಿಕೊಂಡ ಅಡಿಗೆಯ ಹೆಂಗಸರು. ಮಾಸ್ತರರು ಬೀಸುವ ಪದದ ಧಾಟಿ ಎತ್ತಿದರು. ನಿಧಾನಕ್ಕೆ, ಕಲ್ಲು ತಿರುಗಿದ ಹಾಗೆ.

ಹುಡುಗರು ಕಾಲು ಎತ್ತಿದರು, ತಾಳ ಸಿಗಲಿಲ್ಲ, ಕಂಬದಂತೆ ನಿಂತರು. ಆಗ ಗೋಡೆಯ ಕಡೆಯಿಂದ ಮದುಮಗನ ಮುತ್ಯಾನ ತಂಗಿ, ಬೆನ್ನು ಬಾಗಿದ ಮುದುಕಿ, ಸೆರಗು ಸಿಕ್ಕಿಸಿಕೊಂಡು ನಡುವೆ ಬಂದಳು. ಒಂದು ಕೈ ಸೊಂಟದ ಮೇಲೆ, ಇನ್ನೊಂದು ಕೈ ಬೀಸುಕಲ್ಲಿನ ಗೂಟ ಹಿಡಿದಂತೆ. ಅವಳ ಹಿಂದೆ ಅಡಿಗೆಯವರೂ ಬಂದರು. ಕುಣಿತ ಅಂದರೆ ಏನು ಅಂತ ನನಗೆ ಅವತ್ತು ಗೊತ್ತಾಯಿತು. ಮುಗಿದ ಮೇಲೆ ಒಬ್ಬ ಹುಡುಗನೂ ಇನ್ನೊಂದು ಹಾಡು ಕೇಳಲಿಲ್ಲ, ತಲೆ ತಗ್ಗಿಸಿ ಒಳಗೆ ಹೋದರು.

ವಾಪಸು ಬರುವಾಗ ಟೆಂಪೋದಲ್ಲಿ ಮಾಸ್ತರರನ್ನು ಕೇಳಿದೆ. "ಕಡೀ ಹಾಡು ಹ್ಯಾಂಗ ಆರಸ್ತೀರಿ ಕಾಕಾ?"

"ಅದರಾಗೇನದ? ಗುಂಪಿನಾಗ ಯಾರ ಮಾರಿ ನೋಡಿದ್ರ ನನಗ ಭಾಳ ಹೇಸಿಕಿ ಬರ್ತದೋ ಅವನ್ನ ಹುಡುಕ್ತೇನಿ. ಅವಗ ಕುಣೀಲಿಕ್ಕ ಬರಲಾರದ ಹಾಡು ಬಾರಸ್ತೇನಿ."

ನಾನು ನಕ್ಕೆ. ಅವರು ನಗಲಿಲ್ಲ. ಬೇರೆಯವರು ಪ್ರೀತಿಯಿಂದ ಹಾಡು ಆರಿಸುತ್ತಾರೆ, ಈ ಮನುಷ್ಯ ಹೇಸಿಗೆಯಿಂದ ಆರಿಸುತ್ತಿದ್ದರು. ಅವರ ಲೆಕ್ಕ ಯಾವತ್ತೂ ತಪ್ಪಿದ್ದು ನಾನು ನೋಡಲಿಲ್ಲ.

ನಾನು ಬೀದರಿನಲ್ಲಿ ನರ್ಸಿಂಗ್ ಓದುತ್ತಿದ್ದಾಗ ನನ್ನ ಮದುವೆ ನಿಶ್ಚಯವಾಯಿತು. ಹುಡುಗ ಔರಾದ ಕಡೆಯವನು, ಹೆಸರು ರಾಜಕುಮಾರ, ಗೊಬ್ಬರದ ಅಂಗಡಿ ಇತ್ತು. ನೋಡಲು ಚೆಂದ, ಮಾತು ಮೆತ್ತಗೆ. ನನಗೂ ಒಪ್ಪಿಗೆಯಾಗಿತ್ತು. ಉಂಗುರ ಹಾಕಿ ಹೋಗಿ ಎರಡು ತಿಂಗಳಾಗಿರಬೇಕು, ಅವನ ಗೆಳೆಯನೊಬ್ಬನ ಬರಾತು ಭಾಲ್ಕಿಯಲ್ಲೇ ಇತ್ತು. ರಜೆಗೆ ಊರಿಗೆ ಬಂದಿದ್ದ ನಾನು ಗೆಳತಿಯ ಜೊತೆ ಟೇಲರ್ ಅಂಗಡಿಯ ಮಾಳಿಗೆ ಮೇಲೆ ನಿಂತು ಕದ್ದು ನೋಡುತ್ತಿದ್ದೆ. ಬಾರಿಸುತ್ತಿದ್ದದ್ದು ಲಾಲಪ್ಪ ಮಾಸ್ತರರ ಬ್ಯಾಂಡೇ.

ರಾಜಕುಮಾರ ಒಂದು ನೋಟನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಹಿಂದಕ್ಕೆ ಬಾಗಿ ಕುಣಿಯುತ್ತಿದ್ದ. ಜಾಂಜು ಬಾರಿಸುವ ಮುದುಕ ಶರಣಪ್ಪ ಕೈಚಾಚಿದಾಗ ತಲೆ ಅಲ್ಲಾಡಿಸಿದ. ಕೈಯಿಂದಲ್ಲ, ಬಾಯಿಯಿಂದ ತೆಗೆದುಕೊಳ್ಳಬೇಕು. ಕೈ ಹಿಂದೆ ಕಟ್ಟು ಎಂದು ಸನ್ನೆ ಮಾಡಿದ. ಶರಣಪ್ಪ ಜಾಂಜು ಕೆಳಗಿಟ್ಟು, ಕೈ ಹಿಂದೆ ಕಟ್ಟಿ, ಬಾಗಿ, ತನ್ನ ಬೊಚ್ಚು ಬಾಯಿಯಿಂದ ಆ ನೋಟನ್ನು ಎಳೆದುಕೊಂಡ. ಸುತ್ತಲೂ ಸಿಳ್ಳೆ. ಅಷ್ಟಕ್ಕೇ ಮುಗಿದಿದ್ದರೆ ನಾನು ನುಂಗಿಕೊಳ್ಳುತ್ತಿದ್ದೆನೋ ಏನೋ. ರಾಜಕುಮಾರ ಕಿಸೆಯಿಂದ ಕರ್ಚೀಪು ತೆಗೆದು ತನ್ನ ತುಟಿಯನ್ನು ತಿಕ್ಕಿ ತಿಕ್ಕಿ ಒರೆಸಿಕೊಂಡ, ಮುಖ ಕಿವುಚಿ ಆ ಕರ್ಚೀಪನ್ನು ಚರಂಡಿಗೆ ಎಸೆದ. ತಾನೇ ಕರೆದು, ತಾನೇ ಬಾಗಿಸಿ, ಆಮೇಲೆ ತಾನೇ ಹೇಸಿದ!

ಮಾಸ್ತರರು ಇದೆಲ್ಲ ನಡೆಯುವಾಗ ಕಣ್ಣು ಮುಚ್ಚಿ ಬಾರಿಸುತ್ತಲೇ ಇದ್ದರು. ಅವರ ಮೇಲೂ ನನಗೆ ಸಿಟ್ಟು ಬಂತು. ಸಂಜೆ ಗೋಡೆಯ ಆಚೆಗೆ ಕೇಳಿಸುವಂತೆ, "ನಿಮ್ಮ ಮಂದಿಗಿ ಹಂಗ ಮಾಡಿದ್ರೂ ಬಾಜಾ ನಿಲ್ಲಸಲಿಲ್ಲಲ್ಲ ಕಾಕಾ?" ಎಂದೆ.

"ನಿಲ್ಲಿಸಿದ್ರ ಶರಣಪ್ಪ ರಾತ್ರಿ ಏನ ತಿಂತಾನ, ನಿನ್ನ ಸಿಟ್ಟು ತಿಂತಾನ?" ಎಂದು ಉತ್ತರ ಬಂತು.

ಮನೆಯಲ್ಲಿ ನಾನು ಆ ಹುಡುಗ ಬೇಡ ಎಂದೆ. ಯಾಕೆ ಎಂದರು. "ಹೇಸಿಕಿ ಬರ್ತದ" ಎಂದೆ. ಅದು ಯಾರಿಗೂ ಕಾರಣ ಅನಿಸಲಿಲ್ಲ. ಕುಡಿಯುತ್ತಾನಾ, ಬೇರೆ ಹೆಂಗಸು ಇದ್ದಾಳಾ, ಏನಾದರೂ ಕೇಳಿದನಾ ಎಂದು ಅವ್ವ ಅತ್ತು ಕರೆದು ಕೇಳಿದಳು. ನಾನು ಕರ್ಚೀಪಿನ ಕಥೆ ಹೇಳಿದರೆ ಎಲ್ಲರೂ ನನ್ನನ್ನೇ ಹುಚ್ಚಿಯ ಹಾಗೆ ನೋಡಿದರು. ಅಪ್ಪ ಮಾತ್ರ ಒಂದು ವಾರದ ಮೇಲೆ, ಅವರು ಕೊಟ್ಟಿದ್ದ ಸೀರೆ ಉಂಗುರ ಗಂಟುಕಟ್ಟಿ ಔರಾದಿನ ಬಸ್ಸು ಹತ್ತಿದ.

ಔರಾದಿನವರಿಗೆ ಅದು ತಡೆಯಲಾಗದ ಅವಮಾನ. ಆರು ತಿಂಗಳಲ್ಲಿ ರಾಜಕುಮಾರನಿಗೆ ಭಾಲ್ಕಿಯಲ್ಲೇ ಇನ್ನೊಂದು ಹೆಣ್ಣು ಗೊತ್ತುಮಾಡಿದರು, ನಮ್ಮ ಓಣಿ ದಾಟಿದರೆ ಮಂಟಪ. ಮದುವೆಗೆ ಮುಂಚೆ ನಮ್ಮ ಸೋದರಮಾವ ಬಂದು ಸುದ್ದಿ ಹೇಳಿದ. ಬರಾತು ನಮ್ಮ ಮನೆಯ ಮುಂದೆಯೇ ಬರುತ್ತದೆ, ನಮ್ಮ ಬಾಗಿಲಿಗೆ ನಿಲ್ಲುತ್ತದೆ, ಅಲ್ಲಿ ಬಾರಿಸಲು ಒಂದು ಹಾಡನ್ನೂ ಆರಿಸಿಟ್ಟಿದ್ದಾರೆ. ಗಂಡು ಬಿಟ್ಟುಹೋದ ಹೆಣ್ಣು ಮಾಳಿಗೆಯ ಮೇಲಿನ ಮೆಣಸಿನಕಾಯಿಯಂತೆ ಒಣಗುತ್ತಾಳೆ, ಯಾರೂ ಮೂಸುವುದಿಲ್ಲ ಎನ್ನುವ ಹೊಲಸು ಹಾಡು ಅದು. ಆಗ ಎಲ್ಲರ ಮೊಬೈಲಿನಲ್ಲೂ ಕೂಗುತ್ತಿತ್ತು.

ಬಿಟ್ಟವಳು ನಾನು. ಆದರೆ ಆ ಹಾಡು ಒಮ್ಮೆ ನಮ್ಮ ಬಾಗಿಲಲ್ಲಿ ಮೊಳಗಿದರೆ ಊರು ನಂಬುವುದು ಹಾಡನ್ನೇ. ಏನೋ ಐಬು ಇದ್ದದ್ದಕ್ಕೇ ಬಿಟ್ಟರು ಎನ್ನುತ್ತಿತ್ತು. ಅದೇ ವಾರ ನನ್ನ ತಂಗಿಯನ್ನು ನೋಡಲು ಬೀದರಿನ ಮೈಲೂರಿನಿಂದ ಒಂದು ಮನೆತನದವರು ಬರುವವರಿದ್ದರು. ನನ್ನ ಜೊತೆ ಅವಳ ಬದುಕೂ ಆ ಒಂದು ಹಾಡಿಗೆ ಸಿಕ್ಕಿಕೊಂಡಿತ್ತು.

ಮರುದಿನ ಗೋಡೆಯ ಆಚೆ ಮಾಸ್ತರರು ಕೂತು ಹುಣಸೆಹಣ್ಣು ಹಾಕಿ ಟ್ರಂಪೆಟ್ ತಿಕ್ಕುತ್ತಿದ್ದರು. ಅವ್ವ ಸುಮ್ಮನೆ ಕೇಳಿದಳು, "ಯಾರ ಮದಿವಿರಿ ಮಾಸ್ತರ?"

"ಔರಾದದವರದು ವೈನಿ."

ಅವ್ವನ ಕೈಯಲ್ಲಿದ್ದ ಮೊರ ಅಲ್ಲೇ ನಿಂತಿತು. "ನೀವ ಹೋಗ್ತೀರಿ? ನಮ್ಮ ಬಾಜೂ ಮನಿಯವರಾಗಿ?"

"ಧಂದಾ ಅದ ವೈನಿ. ಹೊಟ್ಟಿಗಿ ಬಾಜೂ ಮನಿ ಗೊತ್ತಾಗಾಂಗಿಲ್ಲ."

ನಾನು ಎದ್ದು ಹೋಗಿ ಗೋಡೆಯ ಮೇಲಿಂದ ನೇರ ಹೇಳಿದೆ. "ಕಾಕಾ, ಇಷ್ಟು ದಿನ ನಿಮ್ಮ ಕೋಟು ಹೊಲಸು ಅಂತಿದ್ದೆ. ನೀವೇ ಹೊಲಸರಿ. ಥೂ."

ಕೆಂಪು ಹಲ್ಲು ತೋರಿಸಿ ನಕ್ಕರು. "ಬಯ್ಯಿ, ಬಯ್ಯಿ. ಅವತ್ತು ಬಾಗಲ ಮಾತ್ರ ಮುಚ್ಚಬ್ಯಾಡ" ಎಂದರು. ಉರಿಯುವ ಗಾಯಕ್ಕೆ ಖಾರ ಹಾಕುವುದು ಅಂದರೆ ಇದೇ ಎಂದು ನಾನು ಒಳಗೆ ಬಂದು ಅನ್ನದ ತಟ್ಟೆ ತಳ್ಳಿದೆ.

ಮದುವೆಯ ದಿನ ಅಪ್ಪ ಎಲ್ಲರೂ ಸೋದರಮಾವನ ಮನೆಗೆ ಹೋಗಿಬಿಡೋಣ ಎಂದ. ನಾನು ಒಪ್ಪಲಿಲ್ಲ. ಹೆದರಿಕೆ ಇರಲಿಲ್ಲ ಅಂತಲ್ಲ, ಅವರ ಹೇಸಿಗೆ ಕೆಲಸಕ್ಕೆ ನಾನೇಕೆ ಮನೆ ಬಿಡಬೇಕು ಎನ್ನುವ ಹಟ. ಬಾಗಿಲು ತೆರೆದೇ ಇತ್ತು. ನಾನು ಹೊಸ್ತಿಲ ಒಳಗೆ ಕುರ್ಚಿ ಹಾಕಿಕೊಂಡು ಕೂತೆ. ತಂಗಿ ಅಡಿಗೆಮನೆಯಲ್ಲಿ ಅಳುತ್ತಿದ್ದಳು.

ಬರಾತು ಬಂತು. ನಮ್ಮ ಮನೆಯ ಮುಂದೆ ಕುದುರೆ ನಿಲ್ಲಿಸಿದರು. ಅದರ ಮೇಲೆ ರಾಜಕುಮಾರ, ಮುಖದ ಮೇಲಿನ ಹೂವಿನ ಮಾಲೆ ಸರಿಸಿಕೊಂಡು, ಒಳಗೆ ಇಣುಕುತ್ತಿದ್ದ. ಎದುರು ಮನೆಯ ಕಟ್ಟೆಗಳ ಮೇಲೆ ಮಂದಿ ಕೂಡಿದ್ದರು, ಎಲ್ಲರಿಗೂ ಸುದ್ದಿ ಮುಟ್ಟಿತ್ತು. ಗೆಳೆಯನೊಬ್ಬ ಎರಡೂ ಕೈ ಎತ್ತಿ, ಹಾಡಿಗೆ ಗಾಣಾ ಎನ್ನುವ ತಮ್ಮ ಕಡೆಯ ಮಾತಿನಲ್ಲಿ ಕೂಗಿದ. "ಮಾಸ್ತರ! ಕಡೀ ಗಾಣಾ! ಇಲ್ಲೇ, ಈ ಬಾಗಲ ಮುಂದನ!"

ಮಾಸ್ತರರು ಟ್ರಂಪೆಟ್ಟನ್ನು ಕಂಕುಳಲ್ಲಿ ಸಿಕ್ಕಿಸಿದರು. ಉಗಿದರು. ಒಂದು ಸುತ್ತು ಮುಖ ನೋಡಿದರು. ಈ ಸಲ ಹುಡುಕುವುದು ಬಹಳ ಹೊತ್ತು ಹಿಡಿಯಲಿಲ್ಲ, ಕುದುರೆಯ ಹತ್ತಿರ ಬಂದು ನಿಂತುಬಿಟ್ಟರು. ಆಮೇಲೆ ಬಾಯಿಗೆ ಹಚ್ಚಿ ಊದಿದರು.

ಜೋಗುಳ. ತೊಟ್ಟಿಲಿಗೆ ಕೂಸು ಹಾಕುವಾಗ ನಮ್ಮ ಹೆಂಗಸರು ಹಾಡುತ್ತಾರಲ್ಲ, ಅದೇ ಧಾಟಿ. ಎರಡನೆಯ ಸಾಲಿಗೆ ಕ್ಲಾರಿನೆಟ್ ಸೇರಿತು, ಶರಣಪ್ಪನ ಜಾಂಜು ಅಷ್ಟು ಮೆಲ್ಲಗೆ ದನಿ ಮಾಡಬಲ್ಲದೆಂದು ನನಗೆ ಗೊತ್ತೇ ಇರಲಿಲ್ಲ. ಕುಣಿಯಲು ಒಂದು ಕಾಲೆತ್ತಿದ್ದ ಗೆಳೆಯರು ಅದನ್ನು ಎಲ್ಲಿ ಇಡಬೇಕೆಂದು ತಿಳಿಯದೆ ನಿಂತರು. ಹೆಂಗಸರಿಗೆ ಆ ಧಾಟಿ ಕೇಳಿ ಸುಮ್ಮನಿರಲು ಬರುತ್ತದೆಯೇ? ಬರಾತಿನ ಹಿಂದಿನಿಂದ ಒಂದು ದನಿ ಹೊರಟಿತು, ಕಟ್ಟೆಗಳ ಮೇಲಿಂದ ಇನ್ನೊಂದು, ಓಣಿಯೆಲ್ಲ ಜೋ ಜೋ ಎನ್ನತೊಡಗಿತು. ಎದುರು ಮನೆಯ ಮುದುಕಿ ಕುದುರೆಯ ಮೇಲಿದ್ದವನಿಗೆ ಕೈ ಮಾಡಿ, "ಮಲ್ಕೋ ನನ್ನಪ್ಪಾ, ಮಲ್ಕೋ. ಭಾಳ ಅತ್ತೀದಿ!" ಎಂದಳು. ನಗು ಎದ್ದಿತು. ನಮ್ಮ ಬಾಗಿಲಿಗೆಂದು ಔರಾದಿನಿಂದ ಹೊತ್ತುತಂದಿದ್ದ ನಗುವೆಲ್ಲ ಆ ಕುದುರೆಯ ಮೇಲೆಯೇ ಬಿತ್ತು.

"ಮಾಸ್ತರ, ಮಾತ ಏನ ಆಗಿತ್ತು? ಆ ಗಾಣಾ ಬಾರಸ್ರಿ!" ಎಂದು ಗೆಳೆಯ ಕಾಲರಿಗೆ ಕೈಹಾಕಿದ.

"ಕಡೀ ಗಾಣಾ ಅಂದವರು ನೀವೇ. ಕಡೀದು ಮಾಸ್ತರದು. ಭಾಲ್ಕ್ಯಾಗ ಯಾರಿಗಿ ಬೇಕಾದ್ರ ಕೇಳ್ರಿ."

ಕಟ್ಟೆಯ ಮೇಲಿದ್ದ ಹಿರಿಯರು ಹೌದೆಂದರು. ಔರಾದಿನವರಿಗೆ ಈ ರೂಢಿ ಎಲ್ಲಿ ಗೊತ್ತಿರಬೇಕು? ಹಿಂದಿನ ಬರಾತಿನಲ್ಲಿ ಕುಡಿದು ಕುಣಿದವರಿಗೆ ಕಡೆಯ ಹಾಡಿನ ನೆನಪೇ ಇರಲಿಲ್ಲ. ಹಾಗಿದ್ದರೆ ಇದು ಕಡೆಯದಲ್ಲ, ಇನ್ನೊಂದು ಬಾರಿಸು ಎಂದರು. ಮಾಸ್ತರರು ಬಾಯಿತುದಿ ಬಿಚ್ಚಿ ಕಿಸೆಯಲ್ಲಿ ಹಾಕಿಕೊಂಡರು. ಅಲ್ಲಿಂದ ಮಂಟಪದವರೆಗೆ ಆ ಬರಾತು ಬಾಜಾ ಇಲ್ಲದೆ ನಡೆಯಿತು. ಕುದುರೆಯ ಲಾಳದ ಸಪ್ಪಳ, ಚಪ್ಪಲಿಯ ಸಪ್ಪಳ, ಅಷ್ಟೇ. ಅಂಥ ಚೆಂದದ ಮೆರವಣಿಗೆ ನಾನು ಮತ್ತೆ ನೋಡಿಲ್ಲ.

ಮಂಟಪದ ಹಿಂದೆ ಔರಾದಿನವರು ಮಾಸ್ತರರನ್ನು ಹಿಡಿದು ಹೊಡೆದರು. ಕೋಟಿನ ತೋಳು ಕಿತ್ತು ಬಂತು, ಟ್ರಂಪೆಟ್ಟಿನ ಬಾಯಿ ನೆಗ್ಗಿತು. ಸಂಜೆ ನಾನು ಶ್ಯಾವಿಗೆ ಪಾಯಸ ತೆಗೆದುಕೊಂಡು ಹೋದಾಗ ಹುಬ್ಬಿಗೆ ಅರಿಶಿನ ಮೆತ್ತಿಕೊಂಡು ಕೂತಿದ್ದರು. "ನಿಮ್ಮ ಉಪಕಾರ ಮರಿಯಾಂಗಿಲ್ಲ ಕಾಕಾ" ಎಂದೆ.

"ಉಪಕಾರ? ನಿನ್ನ ಸಲುವಾಗಿ ಯಾರ ಮಾಡ್ಯಾರ? ಆ ಹಾಡು ಹೊಲಸ ಅದ. ಬಾರಿಸಿದ್ರ ನನ್ನ ಬಾಯಿ ಹೊಲಸ ಆಗ್ತಿತ್ತು."

ಹೀಗೆಂದು ನನ್ನ ಕಾಲಿನಿಂದ ಗೇಣು ದೂರದಲ್ಲಿ ಒಂದು ಕೆಂಪು ಧಾರೆ ಉಗಿದರು. ನಾನು ಸೀರೆ ಎತ್ತಿಕೊಂಡು, ಮನಸ್ಸಿನಲ್ಲೇ ಬಯ್ಯುತ್ತ ಮನೆಗೆ ಬಂದೆ.

ತಂಗಿಯ ಮದುವೆ ಮೈಲೂರಿಗೇ ಆಯಿತು. ನನ್ನದೂ ಮುಂದೆ ಆಯಿತು, ಬೀದರಿನ ಆಸ್ಪತ್ರೆಯೊಂದರಲ್ಲಿ ಕೆಲಸವೂ ಸಿಕ್ಕಿತು. ಔರಾದ ಕಡೆಯವರು ಮಾಸ್ತರರನ್ನು ಮಾತಿಗೆ ತಪ್ಪಿದವ ಎಂದು ಊರೂರಿಗೆ ಸಾರಿದರು. ಆ ಕಡೆಯ ಚಿಂತಾಕಿ ಊರಿನವರೆಗೆ ಯಾರೂ ಅವರನ್ನು ಮದುವೆಗೆ ಕರೆಯದಂತಾಯಿತು. ಸೋತವರು ಹೊಟ್ಟೆಕಿಚ್ಚಿಗೆ ಕಟ್ಟಿದ ಸುಳ್ಳು ಎಂದೇ ನಾನು ತಿಳಿದಿದ್ದೆ. ಆಮೇಲೆ ಎಲ್ಲ ಮದುವೆಗೂ ಡಿಜೆ ಗಾಡಿಗಳೇ ಬರತೊಡಗಿದವು. ಅವುಗಳಿಗೆ ಮುಖ ನೋಡುವ ಕಣ್ಣಿಲ್ಲ, ಹೇಸಿಗೆ ಮೊದಲೇ ಇಲ್ಲ, ಕರೆಂಟು ಹೋದಾಗ ಹಾಡು ಕಡೆಯದಾಗುತ್ತದೆ. ಮಾಸ್ತರರ ಬ್ಯಾಂಡು ಚದುರಿತು.

ಹೋದ ವರ್ಷ ಅವರು ನಮ್ಮ ಆಸ್ಪತ್ರೆಗೆ ಬಂದರು. ಜೊತೆಗೆ ಹೆಂಡತಿ, ನಾವು ನಾಗಮ್ಮ ಕಾಕು ಎನ್ನುತ್ತಿದ್ದವರು. ಗುಟ್ಕಾ ತನ್ನ ಕೆಲಸ ಮಾಡಿತ್ತು. ಬಾಯಿಯ ಕ್ಯಾನ್ಸರ್ ಕೆನ್ನೆಯನ್ನು ಒಳಗಿನಿಂದ ತಿಂದು ಹೊರಗೆ ಬಂದಿತ್ತು. ಗಾಯ ತೊಳೆದು ಪಟ್ಟಿ ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಸುಳ್ಳು ಹೇಳುವುದಿಲ್ಲ, ಎರಡು ಮಾಸ್ಕ್ ಹಾಕಿಕೊಂಡಿದ್ದರೂ ಆ ವಾಸನೆಗೆ ನನಗೆ ವಾಕರಿಕೆ ಬಂತು. ಅಷ್ಟು ವರ್ಷದ ನರ್ಸು ನಾನು. ಅವರು ನನ್ನ ಕಣ್ಣು ನೋಡಿಯೇ ತಿಳಿದುಕೊಂಡರು, ಕಣ್ಣಲ್ಲೇ ನಕ್ಕರು. ಅದೇ ನಮ್ಮ ಕಡೆಯ ಭೇಟಿ. ಮುಂದಿನ ಸಲದ ಪಟ್ಟಿಗೆ ಅವರು ಇರಲಿಲ್ಲ.

ನಾನು ಹತ್ತಿ ಅದ್ದುತ್ತಿದ್ದಾಗ ಕಾಕು ಅಳುತ್ತ ಹೇಳಿದರು. "ಸುಳ್ಳು ಆಣಿ ಮಾಡಿದ ಬಾಯಿಯವ್ವ ಇದು. ಅದಕ್ಕ ಹಿಂಗ ಕೊಳತದ."

"ಯಾವ ಆಣಿ ಕಾಕು?"

"ನಿನಗ ಗೊತ್ತಿಲ್ಲ? ಆ ಔರಾದದವರು ಮೊದಲ ಇವರಿಗಿ ಕರದಿದ್ದಿಲ್ಲ. ಡಿಜೆ ಗಾಡಿಗಿ ಹೇಳಿದ್ರು. ಇವರೇ ಬಸ್ ಹತ್ತಿ ಹೋದ್ರು. ನಾ ಬರ್ತೇನಿ, ನಿಮ್ಮ ಹಾಡು ಬಾರಸ್ತೇನಿ ಅಂತ ಹನುಮಂತ ದೇವರ ಮ್ಯಾಲ ಆಣಿ ಮಾಡಿ ಆ ಮದಿವಿ ಹಿಡಕೊಂಡು ಬಂದ್ರು. ಹಾಡು ಕಡೀಕ ಇಟ್ಕೋರಿ, ಆ ಪೋರಿ ಮನಿ ಮುಂದ ಕಡೀ ಗಾಣಾ ಅಂತ ಒದರ್ರಿ, ಮಜಾ ಬರ್ತದ ಅಂತ ಅವರಿಗಿ ಕಲಿಸಿಕೊಟ್ಟವರೂ ಇವರೇ."

ಮಾಸ್ತರರು ಸುಮ್ಮನಿರು ಎಂದು ಹೆಂಡತಿಗೆ ಕೈಬೀಸಿದರು. ಅದು ಆಣೆಯಿಂದ ಆದದ್ದಲ್ಲ ಕಾಕು, ಗುಟ್ಕಾದಿಂದ ಆದದ್ದು ಎಂದು ನಾನು ಹೇಳಿದೆ. ದನಿ ಗಡುಸಾಗಿಯೇ ಬಂತು. ನನಗೆ ಆ ಮನುಷ್ಯನ ಮೇಲೆ ತಡೆಯಲಾರದ ಸಿಟ್ಟು ಬಂದಿತ್ತು. ಥೂ ಎಂದು ಉಗಿಸಿಕೊಂಡು, ಹೊಡೆಸಿಕೊಂಡು, ಧಂದಾ ಕಳೆದುಕೊಂಡು, ಪಾಯಸ ತಂದವಳಿಗೆ ಒಂದು ಸುಳ್ಳು ಹೇಳಿ ಕಳಿಸಿದ್ದರಲ್ಲ.

"ಯಾಕ ಹೇಳಲಿಲ್ಲ ಕಾಕಾ? ಅವತ್ತೇ ಯಾಕ ಹೇಳಲಿಲ್ಲ?"

ಉಳಿದಿದ್ದ ಅರ್ಧ ನಾಲಿಗೆಯಲ್ಲಿ ಒಂದೊಂದೇ ಮಾತು ಎಳೆದು ತಂದರು. "ಹೇಳಿದ್ರ ನೀ ಅಳ್ತಿದ್ದಿ. ಅಳೋರ ಮೂಗು ಸೋರ್ತದ. ಥೂ, ಹೊಲಸ."

ಮಾಸ್ಕಿನ ಒಳಗೆ ನನ್ನ ಮೂಗು ಸೋರತೊಡಗಿತ್ತು. ಒರೆಸಿಕೊಂಡರೆ ಅವರಿಗೆ ಗೊತ್ತಾಗುತ್ತದೆಂದು ಅದನ್ನು ಹಾಗೇ ತುಟಿಗೆ ಇಳಿಯಲು ಬಿಟ್ಟು, ಹೊಸ ಹತ್ತಿ ತೆಗೆದುಕೊಂಡು, "ಬಾಯಿ ತೆಗೀರಿ ಕಾಕಾ" ಎಂದೆ.